ಕಾಲು ಮುಂದಾಗಿ ಹುಟ್ಟಿದವಳು

ನನ್ನ ಹಿರಿಯ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಸೊಂಟ ಹಿಡಿದದ್ದು, ಉಳುಕಿದ್ದು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕನರಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ಮುಂಜಾನೆ ಬಂದು ಬೋರಲು ಮಲಗುವವರಿಗೆ ಕೊರತೆ ಇರಲಿಲ್ಲ. ಸೆರಗು ಸಿಕ್ಕಿಸಿ ಒದೆಯುವ ಆಕೆಯ ಗತ್ತು ನೋಡಬೇಕಿತ್ತು.

ನನ್ನ ಮಗಳು ಸಣ್ಣವಳಿದ್ದಾಗ ಹೊಲದಲ್ಲಿ ಬಿದ್ದು ಮೊಣಕಾಲಿಗೆ ಜಾಲಿಮುಳ್ಳು ನಟ್ಟಿತು. ಮುಳ್ಳು ಕಿತ್ತೆವು. ಕೆಲವೇ ದಿನಗಳಲ್ಲಿ ಮೊಣಕಾಲು ಕೆಂಪಗೆ ಊದಿಕೊಂಡಿತು. ಮುಟ್ಟಿದರೆ ಕಾದ ಹಂಚು, ಮೇಲೆ ಚಳಿಜ್ವರ. ಕಾಲು ನೆಲಕ್ಕೆ ಊರಲೊಲ್ಲಳು. ಬಿದ್ದು ಉಳುಕಿದೆ ಅಂದರು ಮನೆಯವರು. ಉಳುಕಿದರೆ ಜ್ವರ ಯಾಕೆ ಬರಬೇಕು, ದವಾಖಾನೆಗೆ ಒಯ್ಯೋಣ ಅಂದೆ. ನನ್ನ ಮಾತು ಯಾರು ಕೇಳಬೇಕು? ಗಂಡ ಅತ್ತಿಗೆ ಹಾಕಿದ ಗೆರೆ ದಾಟದವನು.

"ಬರೇ ಉಳುಕೈತಿ. ಸೋಗ ಮಾಡ್ತಾಳ," ಎಂದು ನೆಗೆಣ್ಣಿ ಆ ಕಾಲನ್ನು ಒದ್ದಳು, ಎಣ್ಣೆ ಹಾಕಿ ತಿಕ್ಕಿದಳು. ಮಗಳ ಚೀರಾಟ ಓಣಿಗೆಲ್ಲ ಕೇಳಿತು. ಮರುದಿನವೂ ಅದೇ. ಆಮೇಲೆ ನಾನು ಯಾರನ್ನೂ ಕೇಳದೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ನರಗುಂದದ ಬಸ್ಸು ಹತ್ತಿದೆ. ಕೀಲಿನೊಳಗೆ ಕೀವು ತುಂಬಿದೆ, ಇಂಥದನ್ನು ತಿಕ್ಕಬಾರದು, ಒಂದು ದಿನವೂ ಕಾಯಬಾರದು ಎಂದರು ಡಾಕ್ಟರು. ಹುಬ್ಬಳ್ಳಿಯಲ್ಲಿ ಕೀಲು ಕೊಯ್ದು ತೊಳೆದರು.

ಅಂದಿನಿಂದ ನಾನು ಅಕ್ಕಿಯ ಮೊರ ಹಿಡಿದು ಅದೇ ಕಟ್ಟೆಯ ತುದಿಗೆ ಕೂತೆ. ಕೀಲು ನೋವೆಂದು ಯಾರೇ ಬರಲಿ, ಮೊದಲು ಕೈಯ ಹಿಂಬದಿ ಇಟ್ಟು ನೋಡುತ್ತಿದ್ದೆ. ಬಿಸಿ ಇದೆಯೇ, ಬಾವು ಇದೆಯೇ, ಜ್ವರ ಬಂದಿತ್ತೇ? ಹೌದೆಂದರೆ ನರಗುಂದದ ದಾರಿ ತೋರಿಸುತ್ತಿದ್ದೆ. ಇಲ್ಲವೆಂದರೂ ಮಗಳ ಕಥೆ ಹೇಳದೆ ಬಿಡುತ್ತಿರಲಿಲ್ಲ. ಬರಬರುತ್ತ ಕಟ್ಟೆ ಬರಿದಾಯಿತು. ನೆಗೆಣ್ಣಿ ಒಳಗೆ ಕೂತು ಮುಖ ಉಬ್ಬಿಸಿದಷ್ಟೂ ನನಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಹೋದ ವರ್ಷ ಆಕೆಯದೇ ಮೊಣಕಾಲು ಊದಿತು. ಜ್ವರವೂ ಬಂತು. ಗೋಡೆ ಹಿಡಿದು ನನ್ನ ಬಳಿ ಬಂದು, ನೋಡು ಎಂದು ಸೀರೆ ಸರಿಸಿದಳು. ಕೈ ಇಟ್ಟೆ. ಸುಡುತ್ತಿತ್ತು.

"ಬರೇ ಉಳುಕಿರಬೇಕ್ರಿ ಅಕ್ಕಾರ," ಅಂದೆ. "ನಿಮ್ಮ ಕಾಲ ನೀವ ಒದ್ಕೋರಿ."

ಆಕೆ ಅತ್ತಳು. ಕಣ್ತುಂಬ ನೋಡಿದೆ. ಆಮೇಲೆ ಆಟೋ ಕರೆಸಿ ಅದೇ ಡಾಕ್ಟರ ಹತ್ತಿರ ಒಯ್ದೆ. ಕರುಣೆಯಿಂದಲ್ಲ. ಆಕೆ ಬದುಕಿ ಆ ಮಾತನ್ನು ನೆನೆಯಬೇಕಿತ್ತು.

ಆಕೆಯ ಕಾಲು ನೆಟ್ಟಗಾಯಿತು. ನನ್ನ ಮಗಳ ಮೊಣಕಾಲು ಇವತ್ತಿಗೂ ಮಡಚುವುದಿಲ್ಲ. ಎಲ್ಲರೂ ನೆಲಕ್ಕೆ ಕೂತು ಉಣ್ಣುವಾಗ ಅವಳಿಗೆ ಕುರ್ಚಿ ಬೇಕು. ಈಗ ಅದನ್ನು ನೆಗೆಣ್ಣಿಯೇ ಎದ್ದು ತಂದಿಡುತ್ತಾಳೆ. ನಾನು ಬೇಡ ಅನ್ನುವುದಿಲ್ಲ.