ಎಲ್ಲ ದೀಪವೂ ಹಸಿರು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಮೇಲಿನ ಅಂಚು ತಲೆಗೆ ಅಂಟಿಕೊಂಡು, ಹಿಂಬದಿಯ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಸರ್ಕಾರಿ ಕಚೇರಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಆ ಕಿವಿಗೆ ರಿಸೀವರ್ ಒತ್ತಿಕೊಂಡೇ ಬಾಳಿದವರು. ಹುಟ್ಟುಕುರುಡರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ವಿದ್ಯಾರಣ್ಯಪುರಂನ ನಮ್ಮ ಬೀದಿಗೆಲ್ಲ ಅವರು ಫೋನ್ ಮೇಷ್ಟ್ರು. ಅವರ ಹತ್ತಿರ ನಿಜವಾಗಿ ಪಾಠ ಹೇಳಿಸಿಕೊಂಡವಳು ನಾನೊಬ್ಬಳೇ.

ನಾವು ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದ ನಮ್ಮಪ್ಪ ಲಗೇಜ್ ಆಟೋ ಓಡಿಸುತ್ತಿದ್ದರು. ಡಿಗ್ರಿ ಮುಗಿಸಿದ ನಾನು ಆಸ್ಪತ್ರೆಗಳ ರಿಸೆಪ್ಷನ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಕೊಟ್ಟು ಸೋತಿದ್ದೆ. ಬಾಯಿ ಬಿಟ್ಟರೆ ಹಳ್ಳಿ ಮಾತು ಬಂದುಬಿಡುತ್ತದೆ ಎಂಬ ಭಯಕ್ಕೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಮೇಷ್ಟ್ರು ಒಂದು ಕೆಟ್ಟ ಫೋನನ್ನು ನನ್ನ ಕೈಗೆ ಕೊಟ್ಟು ಜಗುಲಿಯ ಮೇಲೆ ಕೂರಿಸಿದರು. ಎದುರಿಗೆ ಕೂತು, ತಾವೇ ರೇಗಿದ ರೋಗಿಯ ಕಡೆಯವರಾಗಿ, "ಬೆಡ್ ಇಲ್ಲ ಅಂದ್ರೆ ಏನ್ರೀ ಅರ್ಥ, ನಿಮ್ಮ ದೊಡ್ಡ ಡಾಕ್ಟ್ರನ್ನ ಕೊಡ್ರೀ" ಎಂದು ಕೂಗುತ್ತಿದ್ದರು. ಹಾಲು ಹಾಕುವವನು ಸೈಕಲ್ ನಿಲ್ಲಿಸಿ ನೋಡುತ್ತಿದ್ದ.

"ಮಾತು ಬದಲಾಯಿಸ್ಬೇಡ ಕಣಮ್ಮ. ನಿಮ್ಮೂರ ಮಾತೇ ಇರ್ಲಿ. ವೇಗ ಕಮ್ಮಿ ಮಾಡ್ಕೋ, ಸಾಕು" ಎನ್ನುವರು. ಇನ್ನೊಂದು ಮಾತನ್ನಂತೂ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಸುಳ್ಳು ಹೇಳ್ಬೇಡ. ಮುಖದಲ್ಲಿ ಮುಚ್ಚಿಡಬೋದು, ದನಿಯಲ್ಲಿ ಆಗಲ್ಲ." ಇದು ಬರಿಯ ಉಪದೇಶವಲ್ಲ ಎಂದು ನನಗೆ ಗೊತ್ತಾದದ್ದು, ಇಂಟರ್‌ವ್ಯೂ ಒಂದರಲ್ಲಿ ಫೇಲಾಗಿ ಬಂದ ಸಂಜೆ. ಗೇಟಿನಿಂದಲೇ ಆದಷ್ಟು ಉತ್ಸಾಹದಲ್ಲಿ, "ಚೆನ್ನಾಗಾಯ್ತು ಮೇಷ್ಟ್ರೇ" ಅಂದೆ. ಅವರು ತಲೆ ಎತ್ತದೆ, "ಕೂತ್ಕೊ. ಅಕ್ಕ ಕಾಫಿ ತರ್ತಾಳೆ. ಅಳೋದಿದ್ರೆ ಅತ್ತುಬುಡು" ಎಂದರು. ನಾನು ಅತ್ತುಬಿಟ್ಟೆ. ಮುಂದಿನ ಇಂಟರ್‌ವ್ಯೂನಲ್ಲಿ ಸಿಕ್ಕ ಕೆಲಸವೇ ಈಗಲೂ ನನ್ನ ಅನ್ನ.

ಅಕ್ಕ ಎಂದರೆ ಅವರ ಒಡಹುಟ್ಟಿದ ಅಕ್ಕ. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ನಿಂತವರು. ಅಡುಗೆ, ಔಷಧಿ, ಬೈಗುಳ ಎಲ್ಲವೂ ಅವರದೇ. ಸಕ್ಕರೆ ಕಾಯಿಲೆಯಿಂದ ಮೇಷ್ಟ್ರ ಬೆರಳ ತುದಿಗಳು ಜೋಮು ಹಿಡಿದು, ಬ್ರೈಲ್ ಓದುವುದು ಎಂದೋ ನಿಂತುಹೋಗಿತ್ತು. ಉಳಿದದ್ದು ಫೋನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಶುರುವಾಗುತ್ತಿತ್ತು. ಹಾಸನ, ದಾವಣಗೆರೆ, ಮಂಡ್ಯ ಎಂದು ಬೇರೆ ಬೇರೆ ಊರಿನ ಕಚೇರಿಗಳಲ್ಲಿ ಇವರಂತೆಯೇ ಬೋರ್ಡಿನ ಮುಂದೆ ಕೂತು ನಿವೃತ್ತರಾದವರು ಒಬ್ಬರಾದ ಮೇಲೊಬ್ಬರು ಮಾತಿಗೆ ಸಿಗುತ್ತಿದ್ದರು. ಹೆಚ್ಚಿನವರಿಗೆ ಕಣ್ಣಿರಲಿಲ್ಲ. ಒಬ್ಬರನ್ನೊಬ್ಬರು ಒಮ್ಮೆಯೂ ಭೇಟಿಯಾದವರಲ್ಲ. ಮಂಡ್ಯದ ಆಪರೇಟರ್ ಒಬ್ಬರೊಡನೆಯಂತೂ ಜನ್ಮಾಂತರದ ಸಲಿಗೆ. ಅವರ ಮನೆಯ ಸಾರಿಗೆ ಹುಳಿ ಹೆಚ್ಚಾದದ್ದೂ ಇವರಿಗೆ ಗೊತ್ತಿರಬೇಕು.

ಚರಂಡಿಗೆಂದು ರಸ್ತೆ ಅಗೆದಾಗ ಫೋನಿನ ಹಳೆಯ ತಾಮ್ರದ ತಂತಿ ತುಂಡಾಯಿತು. ಅದನ್ನು ಈಗ ಯಾರೂ ರಿಪೇರಿ ಮಾಡುವುದಿಲ್ಲ, ಫೈಬರ್ ಹಾಕಿಸಿಕೊಳ್ಳಿ, ಅದೇ ನಂಬರ್ ಉಳಿಯುತ್ತದೆ ಎಂದರು. ಒಬ್ಬ ಲೈನ್‌ಮನ್ ಬಂದು ಕಿಟಕಿಯ ಪಕ್ಕದ ಗೂಡಿನಲ್ಲಿ ಬಿಳಿಯ ರೂಟರ್ ಇಟ್ಟ. ಅದರ ಬೆನ್ನಿಗೆ ಹಳೆಯ ಫೋನಿನ ವಯರ್ ಸಿಕ್ಕಿಸಿ, ಇನ್ನು ಮಾತೂ ಇಂಟರ್ನೆಟ್ಟಿನಲ್ಲೇ ಹೋಗುತ್ತದೆ ಎಂದು ವಿವರಿಸಿದ. ಆ ವಯರಿನೊಳಗೆ ಏನಿದೆ ಎಂದು ಮೇಷ್ಟ್ರು ಕೇಳಿದರು.

"ಗಾಜಿನ ಎಳೆ ಸಾರ್. ಅದರಲ್ಲಿ ಬೆಳಕು ಹೋಗುತ್ತೆ. ಮಾತು ಬೆಳಕಾಗಿ ಹೋಗೋದು."

"ಅಲ್ಲಪ್ಪ, ಬೆಳಕಿಗೂ ನನಗೂ ಮೊದಲಿಂದ ಮಾತಿಲ್ಲ. ಈಗ ಅದರ ಕೈಗೆ ನನ್ನ ಫೋನ್ ಕೊಡ್ತಾ ಇದ್ದೀಯಲ್ಲ" ಎಂದು ನಕ್ಕರು. ವೈಫೈಗೆ ಏನು ಹೆಸರಿಡಲಿ ಎಂದು ಅವನು ಕೇಳಿದ್ದಕ್ಕೆ, "ಎಕ್ಸ್‌ಚೇಂಜ್ ಅಂತ ಇಡು" ಎಂದರು. ಬೀದಿಯವರ ಮೊಬೈಲುಗಳಲ್ಲೆಲ್ಲ ಎಕ್ಸ್‌ಚೇಂಜ್ ಕಾಣಿಸಿಕೊಂಡಿತು. ಅಕ್ಕ ಧೂಳು ಕೂರಬಾರದೆಂದು ರೂಟರಿಗೆ ಕಸೂತಿ ಬಟ್ಟೆ ಹೊದಿಸಿದರು. ಅದು ಬೆವರುವಷ್ಟು ಬಿಸಿಯಾಗಿ, ಲೈನ್‌ಮನ್‌ನಿಂದ ಬೈಸಿಕೊಂಡು ಬಟ್ಟೆ ತೆಗೆದರು.

ದೂರು ಶುರುವಾದದ್ದು ಅದರ ಹಿಂದೆಯೇ. ದನಿ ಸಣ್ಣಗಾಗಿದೆ, ಮಾತಿನ ತುದಿ ಕೇಳಿಸುವುದಿಲ್ಲ, ಎಲ್ಲರೂ ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ಲೈನ್‌ಮನ್ ಬಂದ, ಫೋನ್ ಬದಲಾಯಿಸಿದ. ಮತ್ತೆ ಬಂದ, ರೂಟರನ್ನೇ ಬದಲಾಯಿಸಿದ. ನಾನು ಮೊಬೈಲು ಕೊಡಿಸಿದೆ. ಅದು ಇನ್ನೂ ದರಿದ್ರ ಎಂದು ಪಕ್ಕಕ್ಕಿಟ್ಟರು. ರೂಟರಿನಲ್ಲಿ ದೀಪಗಳಿವೆ, ತೊಂದರೆಯಾದರೆ ಒಂದು ಕೆಂಪಗಾಗುತ್ತದೆ ಎಂದು ಲೈನ್‌ಮನ್ ಹೇಳಿದ್ದನ್ನು ಅವರು ಹಿಡಿದುಕೊಂಡಿದ್ದರು. ನಾನು ಡ್ಯೂಟಿ ಮುಗಿಸಿ ಬಂದ ಕೂಡಲೇ ಕೇಳುತ್ತಿದ್ದದ್ದು ಅದನ್ನೇ.

"ಕೆಂಪು ಉರೀತಾ ಇದೆಯೇನಮ್ಮ?"

"ಇಲ್ಲ ಮೇಷ್ಟ್ರೇ, ಎಲ್ಲ ದೀಪವೂ ಹಸಿರು."

ಅವರ ಮುಖ ಬಾಡುತ್ತಿತ್ತು. ಊರಿನವರೆಲ್ಲ ಕೆಂಪು ದೀಪ ಕಂಡರೆ ಕಂಗಾಲಾಗುವ ಕಾಲದಲ್ಲಿ, ಅದೊಂದು ಹೊತ್ತಿಕೊಳ್ಳಲಿ ಎಂದು ಕಾಯುತ್ತಿದ್ದವರು ಅವರೊಬ್ಬರೇ ಇರಬೇಕು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ನಾನು ಕರೆದ್ರೂ ಈಗ ತಿರುಗಲ್ಲ ಕಣಮ್ಮ. ಬಾಯಲ್ಲಿ ಏನಿಟ್ಕೊಂಡು ಮಾತಾಡ್ತೀಯ ಅಂತ ನನ್ನೇ ಬಯ್ತಾನೆ. ಕಣ್ಣಂತೂ ದೇವ್ರು ಕೊಡ್ಲಿಲ್ಲ, ಇದನ್ನೂ ಕಿತ್ಕೊತಾನೆ ಅಂತ ಎಂಗೆ ಹೇಳ್ಲಿ?" ಅಂದರು.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ಫೋನ್ ಬಂತು. ಮೇಷ್ಟ್ರು ಎತ್ತಿದರು. "ಹಲೋ, ಯಾರು? ಏನೂ ಕೇಳಿಸ್ತಿಲ್ಲ" ಎಂದು ನಾಲ್ಕಾರು ಸಲ ಕೂಗಿ, "ಲೈನ್ ಹಾಳಾಗೋಯ್ತು, ನೀನೇ ನೋಡಮ್ಮ" ಎಂದು ನನ್ನ ಕೈಗಿತ್ತರು. ಮಂಡ್ಯದವರ ದನಿ ಎದುರಿಗೇ ಕೂತು ಮಾತಾಡಿದಷ್ಟು ಸ್ವಚ್ಛವಾಗಿತ್ತು. ಅವರ ಮನೆಯ ಕುಕ್ಕರ್ ಕೂಗಿದ್ದೂ ಕೇಳಿಸಿತು. "ಅಮ್ಮಾ, ಮೇಷ್ಟ್ರಿಗೆ ನನ್ನ ಮೇಲೆ ಏನಾದ್ರೂ ಬೇಜಾರಾ? ಮಾತಾಡ್ತಿದ್ದಂಗೇ ಫೋನ್ ಇಟ್ಬುಡ್ತಾರೆ" ಎಂದು ಅವರು ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ, ಅವನಿಗೆ ಹೇಳಬೇಡ ಎಂಬಂತೆ ನನಗೆ ಕೈಮುಗಿದರು.

"ಹೆಂಗಿದೆ ಲೈನು?" ಎಂದರು ಮೇಷ್ಟ್ರು.

ನಾನು ಅವರ ಕಡೆ ಬಾಗಿ ಗಟ್ಟಿಯಾಗಿ, "ಬರೀ ಗರಗರ ಮೇಷ್ಟ್ರೇ. ಏನೂ ಕೇಳಿಸಲ್ಲ" ಎಂದೆ.

"ನಾನು ಹೇಳ್ಲಿಲ್ವಾ" ಎಂದು ಅವರು ತೊಡೆ ತಟ್ಟಿಕೊಂಡರು. ಎಷ್ಟು ಖುಷಿಯಾಗಿದ್ದರು! ಗೇಟಿನಲ್ಲಿ ನಿಂತು ಆಡಿದ ಒಂದೇ ಮಾತಿನ ಸುಳ್ಳನ್ನು ಹಿಡಿದ ಮನುಷ್ಯ, ಪಕ್ಕದಲ್ಲೇ ಕೂಗಿ ಹೇಳಿದ ಸುಳ್ಳನ್ನು ನಂಬಿಕೊಂಡು ಕೂತಿದ್ದರು. ರಿಸೀವರ್ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಕಡೆ ಎಲ್ಲ ಕೇಳಿಸಿಕೊಂಡ ಮಂಡ್ಯದವರು, "ಗೊತ್ತಾಯ್ತಮ್ಮ" ಎಂದು ಮೆಲ್ಲಗೆ ಫೋನ್ ಇಟ್ಟರು.

ಮತ್ತೊಂದು ಸಲ ಕರೆಸಿದಾಗ ಲೈನ್‌ಮನ್‌ಗೆ ತಾಳ್ಮೆ ಉಳಿದಿರಲಿಲ್ಲ. ಎಲ್ಲ ಪರೀಕ್ಷಿಸಿ, ಮೇಷ್ಟ್ರ ಕಿವಿಯ ಹತ್ತಿರ ಬಂದು, "ಯಜಮಾನ್ರೇ, ಲೈನಲ್ಲಿ ಏನೂ ಇಲ್ಲ. ನಿಮ್ಮ ಕಿವಿ ತೋರಿಸ್ಕೊಳಿ" ಎಂದ. ಅಕ್ಕ ಸೆರಗು ಬಾಯಿಗೊತ್ತಿಕೊಂಡರು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ.

"ಗೊತ್ತು ಕಣಪ್ಪ" ಎಂದರು. "ಬೇರೆ ಏನಾದ್ರೂ ಇರಬೋದೇನೋ ಅಂತ ನಿನ್ನ ಕರೆಸ್ತಾ ಇದ್ದೆ."

ಡಾಕ್ಟರು ನರ ಸತ್ತಿದೆ ಎಂದರು. ಕಿವಿಗೆ ಹಾಕಿದ ಮಿಷನ್ನಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಮಾತು ಕೇಳಿಸಲಿಲ್ಲ. ಕೆಲವು ತಿಂಗಳಲ್ಲಿ ಹಾರ್ನೂ ಹೋಯಿತು. ಅಕ್ಕ ಬಂದರೆ ಬಳೆ ಮುಟ್ಟಿಸುತ್ತಿದ್ದರು, ನಾನು ಹೋದರೆ ಅವರ ಅಂಗೈಯನ್ನು ನನ್ನ ಜಡೆಯ ಮೇಲಿಡುತ್ತಿದ್ದೆ. ಅಷ್ಟೇ ಭಾಷೆ. ಬರೆದು ತೋರಿಸೋಣವೆಂದರೆ ಕಣ್ಣಿಲ್ಲ, ಬ್ರೈಲಿಗೆ ಬೆರಳಿಲ್ಲ, ಕೂಗೋಣವೆಂದರೆ ಕಿವಿಯಿಲ್ಲ. ನನಗೆ ಮಾತು ಕಲಿಸಿದವರಿಗೆ ನನ್ನ ಒಂದು ಮಾತನ್ನೂ ಮುಟ್ಟಿಸಲಾಗದೆ, ಆಸ್ಪತ್ರೆಯಲ್ಲಿ ದಿನವಿಡೀ ಕಂಡವರಿಗೆಲ್ಲ ಹಲೋ ಹೇಳಿ ಬರುತ್ತಿದ್ದೆ. ಆ ಕೆಲಸದ ಮೇಲೇ ನನಗೆ ಹೇಸಿಗೆ ಹುಟ್ಟಿತು. ಒಂದು ದಿನ ಅವರೇ, "ಕನೆಕ್ಷನ್ ತೆಗೆಸ್ಬುಡಮ್ಮ. ಯಾರಿಗೆ ಅದು" ಎಂದರು. ಕಂಪನಿಗೆ ಹೇಳಿದೆ. ರೂಟರ್ ತೆಗೆದುಕೊಂಡು ಹೋಗಲು ಯಾರಾದರೂ ಬರುತ್ತಾರೆ ಎಂದು ಅವರ ಅಂಗೈಯನ್ನು ರೂಟರ್ ಮೇಲಿಟ್ಟು, ಬಾಗಿಲ ಕಡೆ ಎಳೆದು ತೋರಿಸಿದೆ. ತಲೆಯಾಡಿಸಿದರು.

ಅವರು ತೀರಿಕೊಂಡದ್ದು ಅದರ ಮುಂದಿನ ಚಳಿಗಾಲದಲ್ಲಿ, ನಿದ್ದೆಯಲ್ಲಿ. ನನ್ನ ಪಾಲಿಗೆ ಅವರು ಹೋದದ್ದು ಅದಕ್ಕೆ ಮುಂಚಿನ ಒಂದು ಭಾನುವಾರ.

ಆ ದಿನ ಮಂಡ್ಯದವರು ಮಗಳ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ನಾನು ಅವರನ್ನು ಮೇಷ್ಟ್ರ ಎದುರಿಗೆ ಕೂರಿಸಿದೆ. "ಮೇಷ್ಟ್ರೇ, ನಾನು. ನಾನು ಕಣ್ರೀ ಮಂಡ್ಯ" ಎಂದರು. ಮತ್ತೆ ಮತ್ತೆ ಅಂದರು. ಕೈ ಹಿಡಿದುಕೊಂಡರು. ಮೇಷ್ಟ್ರು ಆ ಕೈಯನ್ನು ತಡವಿದರು, ತೋಳು ತಡವಿದರು, ಅಂಗಿಯ ಜೇಬು ತಡವಿದರು. ಜೀವಮಾನವಿಡೀ ಮಾತಾಡಿದ ಸ್ನೇಹಿತನ ಮೈಯಲ್ಲಿ ಅವರಿಗೆ ಗುರುತು ಸಿಗುವಂಥದ್ದು ಒಂದೂ ಇರಲಿಲ್ಲ. ನಾನು ಅವರ ಕೈಯನ್ನು ಫೋನಿನ ಮೇಲಿಟ್ಟೆ, ತಂದು ಮತ್ತೆ ಮಂಡ್ಯದವರ ಎದೆಯ ಮೇಲಿಟ್ಟೆ. ಅರ್ಥವಾದವರಂತೆ ಮೇಷ್ಟ್ರ ಮುಖ ಅರಳಿತು.

"ಓ, ಕಂಪನಿಯವ್ನಾ? ಬಾಪ್ಪ" ಎಂದರು. "ಕಿಟಕಿ ಪಕ್ಕ ಅದೆ ನೋಡು ಡಬ್ಬ. ತಗೊಂಡೋಗು. ಅದರದ್ದೇನೂ ತಪ್ಪಿಲ್ಲ, ಚೆನ್ನಾಗೇ ಇತ್ತು."

ಮಗಳು ಅಳತೊಡಗಿದಳು. ಮಂಡ್ಯದವರು ಮಾತ್ರ ಮುಖ ತಗ್ಗಿಸಿ, ಆ ದನಿ ಮುಗಿಯುವವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಿಚ್ಚಿಕೊಡಮ್ಮ. ಅವ್ರು ಹೇಳಿದಾರಲ್ಲ" ಎಂದರು. ನಾನು ವಯರುಗಳನ್ನು ಕಿತ್ತು ರೂಟರನ್ನು ಅವರ ಕೈಗಿಟ್ಟೆ. ಅದು ಇನ್ನೂ ಬೆಚ್ಚಗಿತ್ತು. ಅವರು ಮೇಷ್ಟ್ರ ಕೈಯನ್ನು ಅದರ ಮೇಲೆ ಒಮ್ಮೆ ಇರಿಸಿ, ತೆಗೆದುಕೊಂಡಿದ್ದೇನೆ ಎಂದು ತಿಳಿಸಿದರು.

"ಒಳ್ಳೇದಪ್ಪ" ಎಂದರು ಮೇಷ್ಟ್ರು. "ಹೋಗ್ತಾ ಬಾಗ್ಲು ಮುಂದಕ್ಕೆ ಎಳ್ಕೊಂಡು ಹೋಗು."