ಬೇಗ ಹಾರಿದ ಕಿಡಿ

ನಿಪ್ಪಾಣಿಯಲ್ಲಿ ನನ್ನಪ್ಪನ ಗ್ಯಾರೇಜು ಇತ್ತು. ಕಾರಿನ ಟೈಮಿಂಗ್ ಕೂಡಿಸುವುದನ್ನು ನಾನು ಕಲಿತದ್ದು ಅಲ್ಲೇ. ಪಿಸ್ಟನ್ ಮೇಲಿನ ತುದಿ ಮುಟ್ಟಲು ಇನ್ನೂ ಕೊಂಚ ಇರುವಾಗ ಪ್ಲಗ್ಗಿನ ಕಿಡಿ ಹಾರಬೇಕು. ಅದಕ್ಕಿಂತ ಬೇಗ ಹಾರಿದರೆ ಎಂಜಿನ್ ಒಳಗೇ ಬಡಿದುಕೊಳ್ಳುತ್ತದೆ. ತಡವಾದರೆ ಗಾಡಿ ಎಳೆಯುವುದಿಲ್ಲ. ಅಪ್ಪ ಹೇಳಿಕೊಟ್ಟದ್ದು ಇಷ್ಟೇ, ಉಳಿದದ್ದು ಕಿವಿಗೆ ತಾನಾಗಿ ಬಂತು.

ಮದುವೆಯಾಗಿ ಶೇಡಬಾಳದ ಕಡೆಯ ದ್ರಾಕ್ಷಿ ತೋಟದ ಮನೆಗೆ ಬಂದೆ. ಮಾವನದು ಹಳೆಯ ಕಾರು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಇನ್ನೂ ಕೈಯಿಂದಲೇ ತಿರುಗಿಸಿ ಟೈಮಿಂಗ್ ಕೂಡಿಸಬೇಕಾದದ್ದು. ತೋಟದಿಂದ ರಸ್ತೆಗೆ ಏರುವಾಗ ಕಟಕಟ ಸದ್ದು ಮಾಡುತ್ತಿತ್ತು.

"ಕಿಡಿ ಬೇಗ ಹಾರಾಕತ್ತೈತ್ರಿ. ನಾ ಕೂಡಸ್ತೀನಿ," ಎಂದು ಗಂಡನಿಗೆ ಹೇಳಿದೆ.

ಉಳಿದವರೆಲ್ಲ ಯಾರದೋ ಮದುವೆಗೆ ಹೋದ ದಿನ ಅವನು ಒಪ್ಪಿದ. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ತವರಿನಿಂದ ತಂದಿದ್ದೆ. ಅದನ್ನು ಮೊದಲನೆಯ ಪ್ಲಗ್ಗಿನ ವಾಯರಿಗೆ ಸಿಕ್ಕಿಸಿ, ತಿರುಗುವ ಪುಲ್ಲಿಯ ಮೇಲೆ ಬೆಳಕು ಬಿಟ್ಟೆ. ಪುಲ್ಲಿಯಲ್ಲಿ ಕೊರೆದ ಗುರುತು ತನ್ನ ಜಾಗ ಬಿಟ್ಟು ಎಲ್ಲೋ ಇತ್ತು. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಗುರುತು ತನ್ನ ಜಾಗಕ್ಕೆ ಬಂದು ನಿಂತಿತು. ಮದುವೆಯಾದ ಮೇಲೆ ಮೊದಲ ಸಲ ಕೈಗೆ ಎಣ್ಣೆ ಹತ್ತಿತ್ತು, ತೊಳೆಯಲು ಮನಸ್ಸಾಗಲಿಲ್ಲ.

ಮರುದಿನ ಮಾವ ಗಾಡಿ ಓಡಿಸಿ ಬಂದು ಪಡಸಾಲೆಯಲ್ಲಿ ಕೂತರು. "ಏನ್ ಹಗರ ಹೊಂಟೈತಲ್ಲೋ! ಯಾರ ಕಡೆ ಮಾಡಿಸಿದಿ?"

"ಮಿರಜಿನ ಮಿಸ್ತ್ರಿ ಕಡೆ," ಎಂದ ಗಂಡ. ನಾನು ಚಹಾ ಹಿಡಿದು ಎದುರಿಗೇ ನಿಂತಿದ್ದೆ.

"ನಾ ಮಾಡೇನ್ರಿ ಮಾಮಾ."

ಅತ್ತೆ ನಕ್ಕರು. ಮಾವ ನಗಲಿಲ್ಲ. ನನ್ನ ಉಗುರಿನ ಕಪ್ಪನ್ನು ನೋಡಿ, "ಹೊರಗ ಹೇಳಬ್ಯಾಡ ಯವ್ವಾ, ಮಂದಿ ನಗತಾರ," ಎಂದರು.

ಮುಂದೆ ಮಾವ, ಸೊಸೆ ಮುಟ್ಟಿದ ಗಾಡಿಯನ್ನು ಬಲ್ಲವರಿಗೆ ತೋರಿಸಲೇಬೇಕೆಂದು ಹಟ ಹಿಡಿದು ಮಿರಜಿನಿಂದ ಒಬ್ಬ ಗಾಡಿ ಮಿಸ್ತ್ರಿಯನ್ನು ನಿಜವಾಗಿಯೇ ಕರೆಸಿದರು. ಅವನು ಪಿಕಪ್ ಬರಲೆಂದು, ಕಿಡಿ ಇನ್ನೂ ಬೇಗ ಹಾರುವಂತೆ ಟೈಮಿಂಗ್ ಸರಿಸಿ ಹೋದ. ಏರಿನಲ್ಲಿ ಮತ್ತೆ ಕಟಕಟ. ಒಲೆಯ ಮುಂದೆ ಕೂತರೂ ನನಗೆ ಕೇಳುತ್ತಿತ್ತು.

"ಮತ್ತ ಬಡಿಯಾಕತ್ತೈತ್ರಿ," ಎಂದೆ.

"ಮಿಸ್ತ್ರಿಗೆ ಗೊತ್ತಾಗುದಿಲ್ಲೇನ? ನೀ ಸುಮ್ಮನಿರ," ಎಂದ ಗಂಡ.

ಬೇಸಿಗೆಯಲ್ಲಿ ಅಥಣಿ ರಸ್ತೆಯಲ್ಲಿ ಪಿಸ್ಟನ್ ಸುಟ್ಟು ತೂತಾಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಅಂಗಳಕ್ಕೆ ಎಳೆದು ತಂದರು. ಎಲ್ಲರ ಮುಂದೆ ಗಂಡ ನನ್ನ ಮೇಲೆಯೇ ಹಾಯ್ದ. "ನಿನಗ ಗೊತ್ತಿತ್ತಂದ್ರ ಗಟ್ಟ್ಯಾಗಿ ಹೇಳಾಕ ಏನಾಗಿತ್ತು?"

ನಾನು ಒಳಗೆ ಹೋದೆ.

ಆಮೇಲೆ ಹೊಸ ಕಾರು ಬಂತು. ಬಾನೆಟ್ ಎತ್ತಿ ತೋರಿಸುತ್ತ ಗಂಡ ಹೇಳಿದ, "ಟೈಮಿಂಗ್ ಎಲ್ಲಾ ಕಂಪ್ಯೂಟರ್ ನೋಡ್ಕೋತೈತಿ. ಇದರಾಗ ನಿನ್ನ ಕೆಲಸಾನ ಇಲ್ಲ ನೋಡ."

ಆ ಮಾತನ್ನಾದರೂ ಮರೆತೇನು, ಅವನ ದನಿಯಲ್ಲಿದ್ದ ನಿರಾಳವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.