ಗುಲ್ನಾಜ ಬರೆಯದೆ ಬಿಟ್ಟ ನಾಲ್ಕು ನಿಮಿಷ

ಗುಲ್ನಾಜ ಮಾಡಿಕೊಟ್ಟ ಭಾಷಾಂತರವೆಂದರೆ ಹುಕ್ಕೇರಿ ಕೋರ್ಟಿನ ವಕೀಲರು ಇನ್ನೊಮ್ಮೆ ಓದದೆ ಸಹಿ ಹಾಕುತ್ತಿದ್ದರು. ಉರ್ದುವಿನ ಹಳೆಯ ನಿಕಾಹ್‌ನಾಮೆಯಾಗಲಿ, ಆಸ್ತಿ ಪಾಲಿನ ಮರಾಠಿ ವಾಟ್ನಿಪತ್ರವಾಗಲಿ, ಅವಳ ಕೈಯಿಂದ ಕನ್ನಡಕ್ಕೆ ಬಂದರೆ ಮುಗಿಯಿತು, ತಕರಾರಿಲ್ಲ. ಒಮ್ಮೆ ಒಬ್ಬ ವಕೀಲ ಸಾಕ್ಷಿಯ ಹೇಳಿಕೆಯಲ್ಲಿ ‘ಕಂಡೆ’ ಎಂದಿದ್ದನ್ನು ‘ಕಂಡಂತಾಯಿತು’ ಎಂದು ಮಾಡಿಕೊಡು ಎಂದು ಕೇಳಿದ್ದಕ್ಕೆ ಕಾಗದವನ್ನೇ ವಾಪಸು ಕೊಟ್ಟಿದ್ದಳು. ಇದು ಅಪ್ಪನಿಂದ ಬಂದ ಗುಣ. ಅಪ್ಪ ತಾಜುದ್ದೀನ ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಇಪ್ಪತ್ತೆಂಟು ವರ್ಷ ಅರ್ಜಿ ಬರೆದವನು. “ಮಂದಿ ಹೇಳಿದ್ದಷ್ಟ ಬರೀಬೇಕು ಬೇಟಿ, ನಮ್ಮದೊಂದು ಅಕ್ಷರ ಹಾಕಬಾರದು, ಅವರದೊಂದು ಬಿಡಬಾರದು” ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗಳು ಕೋರ್ಟಿನೆದುರು ಸಣ್ಣದೊಂದು ಟೈಪಿಂಗ್ ಅಂಗಡಿ ಹಾಕಿದಳು.

ಅಷ್ಟರಲ್ಲಿ ಅವಳ ಸಂಸಾರ ಮುರಿದಿತ್ತು. ಗೋಕಾಕಕ್ಕೆ ಕೊಟ್ಟಿದ್ದರು, ಎರಡೇ ವರ್ಷಕ್ಕೆ ತಿರುಗಿ ಬಂದಳು, ಯಾಕೆಂದು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ತಾಯಿ ಮೌಲಾಬಿ ಮತ್ತು ತಮ್ಮ ಅಫ್ತಾಬ. ತಾಯಿಗೆ ಮೊದಲಿನಿಂದಲೂ ಉಬ್ಬಸ. ಹಾಗಾಗಿ ಅಫ್ತಾಬನಿಗೆ ಅಕ್ಷರ ತಿದ್ದಿಸಿದವಳು, ಸೈಕಲ್ಲಿನ ಹಿಂದೆ ಓಡಿದವಳು, ಅವನು ಎಸೆಸೆಲ್ಸಿ ಫೇಲಾದಾಗ ಎರಡು ದಿನ ಊಟ ಬಿಟ್ಟವಳು ಗುಲ್ನಾಜಳೇ. ಅವನಿಗೆ ಓದು ಹತ್ತಲಿಲ್ಲ, ಗಾಡಿ ಹತ್ತಿತು. ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ನಿಲ್ಲುವ ಲಾರಿಗಳಲ್ಲಿ ಕಲಿತು, ಇಪ್ಪತ್ತೈದಕ್ಕೆ ಮುಂಬೈ ಸೇರಿ, ದೊಡ್ಡವರೊಬ್ಬರ ಕಾರಿಗೆ ಡ್ರೈವರ್ ಆದ. ಆ ದೊಡ್ಡವರು ವ್ಯಾಪಾರಿ. ಜೊತೆಗೆ ಆಫ್ರಿಕಾದ ಯಾವುದೋ ಚಿಕ್ಕ ದೇಶಕ್ಕೆ ಮುಂಬೈಯಲ್ಲಿ ಗೌರವ ಕಾನ್ಸುಲ್, ಅಂದರೆ ಪಗಾರವಿಲ್ಲದ ರಾಯಭಾರಿ. ಕಾರಿನ ಮೂತಿಗೆ ಆ ದೇಶದ ಬಾವುಟ. ಅದರ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದಾಗ ಮೌಲಾಬಿ ಫೋನು ಹಿಡಿದುಕೊಂಡು ಓಣಿಯ ಮನೆಮನೆಗೂ ಹೋಗಿ ಬಂದಳು.

ಎರಡು ವರ್ಷದ ಹಿಂದೆ, ಫೆಬ್ರುವರಿಯ ಒಂದು ಮಧ್ಯಾಹ್ನ, ಅಂಗಡಿಗೆ ಮಾಯಾ ಬಂದಳು. ಮೂಡಲಗಿಯ ಕುರಿಗಾರ ಖಂಡೆಪ್ಪನ ಮಗಳು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವಾಗ ಅವಳ ಪ್ರಾಜೆಕ್ಟ್ ವರದಿಯನ್ನು ಟೈಪ್ ಮಾಡಿಕೊಟ್ಟವಳು ಗುಲ್ನಾಜ. ಅಂದಿನಿಂದ ಅಕ್ಕಾ ಅನ್ನುವ ಸಲಿಗೆ. ಈಗ ಅವಳು ಪುಣೆಯ ನಾಲ್ಕು ಮಂದಿಯ ಸಾಕ್ಷ್ಯಚಿತ್ರ ತಂಡದಲ್ಲಿ ಧ್ವನಿಯ ಕೆಲಸ ಮಾಡುತ್ತಿದ್ದಳು.

ಷಟರು ಅರ್ಧ ಎಳೆದು ಮಾಯಾ ಹೇಳಿದಳು. “ನಮ್ಮಲ್ಲಿ ಒಬ್ಬವ ಆರು ತಿಂಗಳಿಂದ ಶ್ರೀಮಂತನ ವೇಷ ಹಾಕ್ಯಾನಕ್ಕಾ. ಆಫ್ರಿಕಾದ ದೇಶದ್ದು ಕಾನ್ಸುಲ್ ಹುದ್ದೆ ಖರೀದಿ ಮಾಡ್ತೇನಿ ಅಂತ ತಿರುಗ್ಯಾಡಾಕತ್ತಾನ. ಅಂಗಿ ಗುಂಡಿಯಾಗ ಕ್ಯಾಮೆರಾ. ಹುದ್ದೆ ಸಿಕ್ಕರ ಅದರ ಕೂಡ ಒಂದು ಸೀಲ್ ಹಾಕಿದ ಚೀಲ ಬರ್ತೈತಿ. ಏರ್‌ಪೋರ್ಟಿನ್ಯಾಗ ಅದನ್ನ ಯಾರೂ ಬಿಚ್ಚಿ ನೋಡಂಗಿಲ್ಲ.”

“ಅದರಾಗ ಏನಿರತೈತಿ?”

“ವಜ್ರ. ಕಚ್ಚಾ ವಜ್ರ. ಬಂದೂಕಿನವರ ಕೈಯಾಗಿರೋ ಗಣಿಯಿಂದ, ಕಾಗದಪತ್ರ ಇಲ್ದ. ಇಲ್ಲಿ ಬಂದು ಪಾಲಿಶ್ ಆದ ಮ್ಯಾಲೆ ಎಲ್ಲಿಂದ ಬಂತು ಅಂತ ಯಾರ್ ಕೇಳ್ತಾರ?”

ಅಂಥ ಹುದ್ದೆ ಕೊಡಿಸುವ ಮುಂಬೈಯ ಕಾನ್ಸುಲ್ ಒಬ್ಬರ ಕಾರಿನಲ್ಲಿ ತಂಡದವರು ಸಣ್ಣ ರೆಕಾರ್ಡರ್ ಬಿಟ್ಟು ಬಂದಿದ್ದರು. ನಲವತ್ತು ಗಂಟೆಯ ಮಾತು. ಡ್ರೈವರ್ ಸಾಹೇಬರೊಡನೆ ಹಿಂದಿ ಆಡುತ್ತಾನೆ, ಫೋನಿನಲ್ಲಿ ಮಾತ್ರ ಬೇರೆ. “ಅರ್ಧ ನಮ್ಮ ಕನ್ನಡ, ಅರ್ಧ ನಿಮ್ಮ ಮನಿ ಉರ್ದು. ನನಗ ಪೂರಾ ತಿಳಿಯಾಂಗಿಲ್ಲ. ನಮ್ಮ ಕಡೆಯವನ ಇರಬೇಕು. ಕೇಳಿದ ಕೂಡ್ಲೆ ನಿನ್ನ ನೆನಪಾತು.”

ಗುಲ್ನಾಜಳಿಗೆ ಬಾವುಟದ ಕಾರಿನ ಫೋಟೋ ನೆನಪಾಯಿತು. ಮುಂಬೈಯಲ್ಲಿ ಇಂಥ ಕಾನ್ಸುಲ್‌ಗಳು ಎಷ್ಟೋ ಇದ್ದಾರು, ನಮ್ಮ ಕಡೆಯ ಡ್ರೈವರುಗಳೂ ಎಷ್ಟೋ ಇದ್ದಾರು ಎಂದು ತನಗೆ ತಾನೇ ಹೇಳಿಕೊಂಡಳು. “ಅವನ ಹೆಸರೇನು?” ಎಂದಳು. ಗೊತ್ತಿಲ್ಲ, ಸಾಹೇಬ ಅವನನ್ನು ‘ಡ್ರೈವರ್’ ಎಂದೇ ಕರೆಯುತ್ತಾನೆ, ಚಿತ್ರದಲ್ಲಿ ಅವನ ಮುಖ ಮಸುಕು ಮಾಡುತ್ತೇವೆ ಎಂದಳು ಮಾಯಾ. ಗುಟ್ಟು ಬಿಟ್ಟುಕೊಡುವುದಿಲ್ಲವೆಂಬ ಕಾಗದಕ್ಕೆ ಗುಲ್ನಾಜ ಸಹಿ ಹಾಕಿದಳು. ಸಹಿ ಹಾಕದಿದ್ದರೆ ಆ ದನಿ ಯಾರದೆಂದು ತಿಳಿಯುವ ದಾರಿಯೇ ಇರಲಿಲ್ಲ.

ಮಾಯಾ ಹೋದ ಕೂಡಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಮೊದಲ ಕಡತ, ಎರಡನೆಯ ನಿಮಿಷ. ಗೇರು ಹಾಕುವ ಸದ್ದು, ಒಂದು ಕೆಮ್ಮು. ಮಾತು ಬರುವ ಮೊದಲು, ಆ ಕೆಮ್ಮಿನಲ್ಲೇ ಅವಳಿಗೆ ಗೊತ್ತಾಯಿತು.

ಅಫ್ತಾಬ ಬಡಾಯಿ ಕೊಚ್ಚುತ್ತಿದ್ದ. ಹಿಂದೆ ಕೂತ ಸುಳ್ಳು ಶ್ರೀಮಂತ ಕೇಳುತ್ತಿದ್ದಾನೆ, ಇವನು ಹಿಂದಿಯಲ್ಲಿ ಹೇಳುತ್ತಿದ್ದಾನೆ: ಆ ಚೀಲಕ್ಕೆ ಯಾರೂ ಕೈ ಹಚ್ಚುವುದಿಲ್ಲ ಸಾಹೇಬ, ನಾನೇ ಹತ್ತಾರು ಸಲ ತಂದಿದ್ದೇನೆ, ನನ್ನ ಸಹಿಯೊಂದಿದ್ದರೆ ಸಾಕು. ಚಿಕ್ಕಂದಿನಿಂದಲೂ ಹಾಗೆಯೇ ಅವನು; ಎದುರಿಗಿದ್ದವರು ದೊಡ್ಡವರೆಂದರೆ ತಾನೂ ಒಂದು ಗೇಣು ದೊಡ್ಡವನಾಗುತ್ತಿದ್ದ. ಹಿಂದಿ ಮಾತು, ತಂಡದವರಿಗೆ ಆಗಲೇ ತಿಳಿದಿದ್ದದ್ದು. ಅದನ್ನು ಅಳಿಸುವಂತಿರಲಿಲ್ಲ. ಗುಲ್ನಾಜ ಹಲ್ಲು ಕಚ್ಚಿ ಬರೆದಳು.

ಒಂಬತ್ತನೆಯ ಕಡತದಲ್ಲಿ ಅಫ್ತಾಬ ಒಬ್ಬನೇ ಇದ್ದ. ಅಂಕಲಗಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟ ಚಿಕ್ಕಪ್ಪನ ಮಗ ಅರ್ಫಾತನಿಗೆ ಫೋನು ಹಚ್ಚಿದ್ದ. ನಾಲ್ಕು ನಿಮಿಷದ ಮಾತು. ಈ ಸಲ ದನಿಯಲ್ಲಿ ಬಡಾಯಿ ಇರಲಿಲ್ಲ.

“ಅರ್ಫಾತ, ಚೀಲದಾಗ ವಜ್ರದ ಹಳ್ಳು ಅದಾವಲೇ. ನಿನ್ನೆ ಸಾಹೇಬ ಬಿಚ್ಚುವಾಗ ನೋಡಿದೆ. ಕೆಲಸ ಬಿಡ್ತೇನಿ ಅಂದೆ. ನನ್ನ ಲೈಸನ್ಸ್, ಆಧಾರ ಎಲ್ಲಾ ಅವನ ಕಡೇನ ಅದಾವ. ಬಿಟ್ಟು ಹೋಗು, ರಸೀದಿ ಎಲ್ಲಾ ನಿನ್ನ ಸಹೀವು, ನೋಡಿಕೋ ಅಂತಾನ. ಏನ್ ಮಾಡ್ಲಿ? ಹುಕ್ಕೇರಿಗೆ ಸುದ್ದಿ ಹೋಗಬಾರದು. ಗುಲ್ನಾಜ ಆಪಾಗ ಹೇಳಬ್ಯಾಡ. ಅಮ್ಮಿ ಉಬ್ಬಸ ಜಾಸ್ತಿ ಆಗ್ತೈತಿ...”

ಅವಳು ಅದನ್ನು ಆರು ಸಲ ಕೇಳಿದಳು. ಊರಿನ ಹೆಸರಿದೆ, ತನ್ನ ಹೆಸರಿದೆ, ಅರ್ಫಾತನ ಹೆಸರಿದೆ. ತಂಡದವರಿಗೆ ಅವನು ಬರೀ ಡ್ರೈವರ್. ಈ ನಾಲ್ಕು ನಿಮಿಷ ಬರೆದುಕೊಟ್ಟರೆ ಅವನು ಹುಕ್ಕೇರಿಯ ತಾಜುದ್ದೀನನ ಮಗ ಅಫ್ತಾಬನಾಗುತ್ತಾನೆ. ಹೆಸರು ಸಿಕ್ಕರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಆ ಕ್ಷಣಕ್ಕೆ ಅವಳ ತಲೆಗೆ ಹೊಳೆದದ್ದು ಇಷ್ಟೇ. ಅದರಾಚೆ ಏನಿದೆಯೆಂದು ಹೊಳೆಯಲಿಲ್ಲ. ಆ ಜಾಗದಲ್ಲಿ ‘ಗಾಳಿಯ ಸದ್ದು, ಮಾತು ಸ್ಪಷ್ಟವಿಲ್ಲ’ ಎಂದು ಟೈಪ್ ಮಾಡಿದಳು.

ಸಂಜೆ ತಮ್ಮನಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು: “ಎಲ್ಲಾ ಬಿಟ್ಟು ಇವತ್ತ ಬಸ್ ಹತ್ತು.”

“ಯಾಕ ಆಪಾ? ಯಾರ್ ಏನ್ ಹೇಳಿದ್ರು?”

“ಯಾರೂ ಏನೂ ಹೇಳಿಲ್ಲ. ಬಾ ಅಂದ್ರ ಬಾ.”

ಅವನು ಬಂದ. ಕಾಗದಪತ್ರ, ಬಟ್ಟೆಬರೆ ಎಲ್ಲ ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಬಂದ. ತಾಯಿಗೆ ರಜೆ ಎಂದ. ಅಕ್ಕನೆದುರು ಏನನ್ನೂ ಬಾಯಿ ಬಿಡಲಿಲ್ಲ, ಅಕ್ಕನೂ ಕೇಳಲಿಲ್ಲ. ಒಂದೇ ಪಡಸಾಲೆಯಲ್ಲಿ ಇಬ್ಬರೂ ಒಂದೇ ಸಂಗತಿಯನ್ನು ಮುಚ್ಚಿಟ್ಟುಕೊಂಡು ಎರಡು ತಿಂಗಳು ಕಳೆದರು. ಅವನಿಗೆ ನಿದ್ದೆ ಬರುತ್ತಿರಲಿಲ್ಲ, ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದ. ಮುಖ ಮಸುಕು ಮಾಡುತ್ತೇವೆ ಎಂದು ಮಾಯಾ ಹೇಳಿದ್ದಳಲ್ಲ, ಸಾಹೇಬ ಸಿಕ್ಕಿಬೀಳುತ್ತಾನೆ, ಇದು ಹೀಗೆಯೇ ದಾಟಿಹೋಗುತ್ತದೆ ಎಂದುಕೊಂಡಿದ್ದಳು ಗುಲ್ನಾಜ.

ಏಪ್ರಿಲ್ ಕೊನೆಗೆ ಚಿತ್ರ ಅಂತರ್ಜಾಲದಲ್ಲಿ ಬಂತು. ಕಾನ್ಸುಲ್ ನಗುನಗುತ್ತ ಹುದ್ದೆಗೆ ಬೆಲೆ ಹೇಳುವುದನ್ನು, ಮೇಜಿನ ಮೇಲೆ ಕಲ್ಲು ಸುರಿಯುವುದನ್ನು ಲಕ್ಷಗಟ್ಟಲೆ ಮಂದಿ ನೋಡಿದರು. ನಡುವೆ ಮಸುಕಾದ ಒಂದು ತಲೆ, ಅಫ್ತಾಬನ ದನಿ, ಆ ಬಡಾಯಿ. ಹಿನ್ನೆಲೆಯ ನಿರೂಪಕ ಹೇಳಿದ: ಸಾಗಿಸುವವನಿಗೆ ತಾನು ಏನು ಸಾಗಿಸುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ಮೂರನೆಯ ದಿನ ಕಾನ್ಸುಲ್ ಒಂದು ಹೇಳಿಕೆ ಹೊರಡಿಸಿದ. ತನ್ನ ಡ್ರೈವರ್ ತನ್ನ ಹೆಸರು, ತನ್ನ ಚೀಲ ದುರುಪಯೋಗ ಮಾಡಿದ್ದಾನೆ. ರಸೀದಿಗಳೆಲ್ಲ ಅವನ ಸಹಿಯವು. ಫೆಬ್ರುವರಿಯಲ್ಲೇ ಹೇಳದೆ ಕೇಳದೆ ಓಡಿಹೋಗಿದ್ದಾನೆ. ಜೊತೆಗೆ ಹೆಸರು, ವಿಳಾಸ, ಫೋಟೋ. ಅವಳು ಮುಚ್ಚಿಟ್ಟ ಹೆಸರನ್ನು ಸಾಹೇಬನೇ ಬಿಚ್ಚಿಟ್ಟಿದ್ದ. ಲಾರಿ ಕೆಲಸ ಕೇಳಲು ಹತ್ತರಗಿಗೆ ಹೋಗಿದ್ದ ಅಫ್ತಾಬನನ್ನು ಮುಂಬೈ ಪೊಲೀಸರು ಅಲ್ಲಿಂದಲೇ ಕರೆದೊಯ್ದರು. ಓಡಿಹೋಗು ಎಂದವಳು ತಾನೇ ಎಂಬುದು ನೆನಪಾಗಿ ಗುಲ್ನಾಜ ಬಚ್ಚಲುಮನೆಯಲ್ಲಿ ಕೂತುಬಿಟ್ಟಳು.

ಮರುದಿನ ಮೂಡಲಗಿಯ ಬಸ್ಸು ಹಿಡಿದಳು. ತಂಡಕ್ಕೆ ಬೆದರಿಕೆ ಬರುತ್ತಿದ್ದುದರಿಂದ ಮಾಯಾ ಊರಲ್ಲೇ ಇದ್ದಳು. ತಾಯಿ ಶೆಟ್ಟೆವ್ವ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ತಂಬಿಗೆ ನೀರು ತಂದುಕೊಟ್ಟಳು. ಗುಲ್ನಾಜ ನೀರು ಮುಟ್ಟದೆ, ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಮಾಯಾ ಕೇಳಿದಳು: “ಅವ ನಿನ್ನ ತಮ್ಮ ಅಂತ ಮೊದಲ ದಿನಾನ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಅವನ ಹೆಸರು ಹಾಕ್ತಿದ್ರಿ.”

“ಇಲ್ಲಕ್ಕಾ. ಆ ನಾಲ್ಕು ನಿಮಿಷ ನನ್ನ ಕೈಯಾಗ ಇದ್ದಿದ್ರ ಚಿತ್ರದಾಗ ಅವ ಕಳ್ಳ ಆಗ್ತಿರಲಿಲ್ಲ, ಸಾಕ್ಷಿ ಆಗ್ತಿದ್ದ. ಚಿತ್ರ ಬರೂಕ್ಕಿಂತ ಮೊದಲ ವಕೀಲರ ಕಡೆ ಕರಕೊಂಡು ಹೋಗಿ, ರಕ್ಷಣೆ ಕೇಳಿ, ಹೇಳಿಕೆ ಬರೆಸ್ತಿದ್ವಿ. ಅವನಂಥಾವ ಒಬ್ಬ ಸಿಗ್ತಾನೇನು ಅಂತ ಆರು ತಿಂಗಳು ಹುಡುಕೀವಿ ನಾವು.” “ನೀ ಬರದ ಒಂದಕ್ಷರಾನೂ ನಾ ತಿರುಗಿ ನೋಡಲಿಲ್ಲ. ಗುಲ್ನಾಜಕ್ಕ ಬರದಾಳ ಅಂತ ನಂಬಿದೆ.”

ಗುಲ್ನಾಜ ಅಲ್ಲೇ ನೆಲದ ಮೇಲೆ ಕೂತಳು. ಶೆಟ್ಟೆವ್ವ ಏನೂ ತಿಳಿಯದೆ ಅವಳ ಬೆನ್ನು ಸವರುತ್ತಿದ್ದಳು.

ಚಿತ್ರದ ಆಧಾರದ ಮೇಲೆ ಕಾನ್ಸುಲ್ ಕೂಡ ಕೇಸಿನಲ್ಲಿ ಆರೋಪಿಯಾಗಿದ್ದ. ಮೂಲ ಧ್ವನಿ ಇನ್ನೂ ಇತ್ತು. ತಂಡದ ವಕೀಲರು ಬೇರೊಬ್ಬರಿಂದ ಭಾಷಾಂತರ ಮಾಡಿಸಿ ಕೋರ್ಟಿಗೆ ಕೊಟ್ಟರು. ಅರ್ಫಾತನನ್ನೂ ಸಾಕ್ಷಿಗೆ ಕರೆಯಬೇಕಿತ್ತು. ಗುಲ್ನಾಜ ಅಂಕಲಗಿಗೆ ಹೋದಾಗ ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ, “ನನಗ ಗೊತ್ತಿತ್ತು ಆಪಾ” ಎಂದ. “ಹೇಳಬ್ಯಾಡ ಅಂತ ಆಣೆ ಹಾಕಿಸಿದ್ದ. ಸುಮ್ಮ ಕುಂತೆ. ನೀ ಮಾಡಿದ್ದನ್ನ ನಾನೂ ಮಾಡೀನಿ.” ಅವನು ಮುಂಬೈಗೆ ಬಂದು ಸಾಕ್ಷಿ ಹೇಳಿದ. ಸಂಬಂಧಿಕ ಎಂದು ಅದನ್ನು ಯಾರೂ ತೂಕಕ್ಕೆ ಹಿಡಿಯಲಿಲ್ಲ.

ಆಮೇಲೆ ಗುಲ್ನಾಜಳ ಸರದಿ. ಕಾನ್ಸುಲ್ ಪರವಾದ ವಕೀಲ ಮೆತ್ತಗಿನ ಮನುಷ್ಯ. ಅವಳ ಭಾಷಾಂತರದ ಹಾಳೆ ಕೈಗೆ ಕೊಟ್ಟು ಹಿಂದಿಯಲ್ಲಿ ಕೇಳಿದ. ಇದನ್ನು ಬರೆದವರು ನೀವೇ?

“ಹೌದು.”

ಇಲ್ಲಿ ಮಾತು ಸ್ಪಷ್ಟವಿಲ್ಲ ಎಂದಿದೆ. ಸ್ಪಷ್ಟ ಇರಲಿಲ್ಲವೇ?

ತಂಡದ ವಕೀಲರು ಹಿಂದಿನ ದಿನವೇ ಎಚ್ಚರಿಸಿದ್ದರು. ನಿಜ ಹೇಳಿದರೆ ನಿಮ್ಮ ಮೇಲೂ ಕೇಸು ಬೀಳಬಹುದು, ಸರಿಯಾಗಿ ನೆನಪಿಲ್ಲ ಎನ್ನಲು ದಾರಿಯಿದೆ ಎಂದು. ಗುಲ್ನಾಜ ಕಟಕಟೆ ಹಿಡಿದುಕೊಂಡಳು. “ಸ್ಪಷ್ಟ ಇತ್ತು” ಎಂದಳು. “ಪ್ರತಿಯೊಂದು ಮಾತೂ ಕೇಳಿಸಿತ್ತು. ಬೇಕಂತಲೇ ಬಿಟ್ಟೆ.”

ವಕೀಲ ತಲೆದೂಗಿ ನ್ಯಾಯಾಧೀಶರ ಕಡೆ ತಿರುಗಿದ. ಒಂದು ಕಡೆ ಬಿಟ್ಟವರು ಇನ್ನೊಂದು ಕಡೆ ಸೇರಿಸಿರಲಾರರೇ? ಆರೋಪಿಯ ಅಕ್ಕನೇ ತಿದ್ದಿದ ದಾಖಲೆ. ಅದರ ಮೇಲೆ ನಿಂತ ಈ ಚಿತ್ರವನ್ನು ಹೇಗೆ ನಂಬುವುದು? ತಮ್ಮನನ್ನು ಉಳಿಸಲೆಂದು ಹೇಳಿದ ನಿಜವನ್ನೇ ಹಿಡಿದು ಅವನು ಸಾಹೇಬನನ್ನು ಉಳಿಸಿದ. ಚಿತ್ರಕ್ಕೆ ತಡೆಯಾಜ್ಞೆ ಬಂತು. ಮೂಲ ಧ್ವನಿ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಹೋಯಿತು. ಹದಿನಾಲ್ಕು ತಿಂಗಳಾದರೂ ವರದಿ ಬಂದಿಲ್ಲ. ಕಾನ್ಸುಲ್ ಆರೋಗ್ಯದ ಕಾರಣ ಹೇಳಿ ಹುದ್ದೆ ಬಿಟ್ಟ, ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಮುಂಬೈ ಬಿಟ್ಟು ಓಡಿದವನು ಎಂಬ ಕಾರಣಕ್ಕೆ ಅಫ್ತಾಬನಿಗೆ ಜಾಮೀನಿಲ್ಲ.

ಹುಕ್ಕೇರಿ ಕೋರ್ಟಿನ ವಕೀಲರು ಈಗ ಅವಳ ಅಂಗಡಿಯ ಮುಂದೆ ಹಾದು ಮುಂದಿನ ಅಂಗಡಿಗೆ ಹೋಗುತ್ತಾರೆ. ಯಾರೂ ಕೆಟ್ಟ ಮಾತಾಡಿಲ್ಲ. ಕಾಗದ ತಂದುಕೊಡುವುದನ್ನು ನಿಲ್ಲಿಸಿದ್ದಾರೆ, ಅಷ್ಟೇ. ಅವಳು ಆಧಾರ ಅರ್ಜಿ, ಶಾಲಾ ಮಕ್ಕಳ ಫಾರಂ ತುಂಬುತ್ತ ಕೂರುತ್ತಾಳೆ.

ಜೈಲಿನಲ್ಲಿ ಮೂರು ಸಲ ಅಫ್ತಾಬ ಅವಳ ಭೇಟಿಗೆ ಬರಲಿಲ್ಲ. ನಾಲ್ಕನೆಯ ಸಲ ಬಂದ. ಗಾಜಿನಾಚೆ ಕೂತು ಫೋನು ಎತ್ತಿಕೊಂಡ. ಕೋರ್ಟಿನಲ್ಲಿ ಎಲ್ಲವನ್ನೂ ಕೇಳಿದ್ದ.

“ಆಪಾ, ನಿನಗ ಫೆಬ್ರುವರಿಯಾಗ ಎಲ್ಲಾ ಗೊತ್ತಿತ್ತು?”

“ಗೊತ್ತಿತ್ತು.”

“ಎರಡು ತಿಂಗಳು ಒಂದ ತಾಟಿನ್ಯಾಗ ಉಂಡೀವಿ. ಒಂದು ಸಲ ಕೇಳಬಾರದಾಗಿತ್ತೇನು? ನೀ ಕೇಳಿದ್ರ ನಾ ಹೇಳ್ತಿದ್ದೆ. ಇಬ್ಬರೂ ಕೂಡಿ ಏನಾರ ಮಾಡ್ತಿದ್ವಿ.”

ತಪ್ಪಾಯಿತು ಎಂದಳು. ಅದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ, ಮೇಜಿನ ಮೇಲೆ ಬೆರಳಿನಿಂದ ಏನೋ ಗೀರುತ್ತ ಕೂತಿದ್ದ. ಸಮಯ ಮುಗಿಯಿತೆಂದು ಸಿಪಾಯಿ ಕೂಗಿದಾಗ ಹೇಳಿದ: “ಮುಂದಿನ ಸಲ ಅಮ್ಮಿನ್ನ ಕರಕೊಂಡು ಬಾ. ಅಕಿ ಒಬ್ಬಾಕಿ ಒಳಗ ಬರಲಿ. ನೀ ಹೊರಗ ನಿಂದ್ರು.”

ಹೋದ ತಿಂಗಳು ಹಾಗೆಯೇ ಮಾಡಿದಳು. ಉಬ್ಬಸದ ತಾಯಿಯನ್ನು ಸಂಕೇಶ್ವರದಿಂದ ಮುಂಬೈ ಬಸ್ಸಿನಲ್ಲಿ ಕರೆದೊಯ್ದು, ಜೈಲಿನ ಬಾಗಿಲವರೆಗೆ ಕೈ ಹಿಡಿದು ನಡೆಸಿ, ತಾನು ರಸ್ತೆಯ ಬದಿಗೆ ಬಿಸಿಲಲ್ಲಿ ನಿಂತಳು. ಇಪ್ಪತ್ತು ನಿಮಿಷಕ್ಕೆ ಮೌಲಾಬಿ ಹೊರಗೆ ಬಂದಳು. “ಸೊರಗ್ಯಾನ” ಎಂದಳು. ಗುಲ್ನಾಜ ತಾಯಿಯ ಔಷಧದ ಪಂಪು ಚೀಲದಿಂದ ತೆಗೆದುಕೊಟ್ಟಳು. ತಾಯಿಗೆ ಉಸಿರು ಹತೋಟಿಗೆ ಬರುವವರೆಗೂ ಇಬ್ಬರೂ ಅಲ್ಲೇ ಗೋಡೆಗೆ ಆತು ನಿಂತಿದ್ದು, ಆಮೇಲೆ ಬಸ್‌ಸ್ಟ್ಯಾಂಡಿಗೆ ರಿಕ್ಷಾ ಕೇಳಿದರು.